ಟರ್ಕಿಯ ಕರಾವಳಿಯಲ್ಲಿ ಚಳಿಗಾಲವೇ ಮಳೆಗಾಲ! ಕಾರು ಹತ್ತುವ ಮುನ್ನ ತಿಳಿಯಬೇಕಾದ ವಿಷಯಗಳು

ನೀಲಿ ಸಮುದ್ರ, ಬಿಳಿ ಬಂಡೆಗಳು, ಕಡಲಂಚಿನಲ್ಲೇ ಹಾವಿನಂತೆ ಸಾಗುವ ರಸ್ತೆ. ಟರ್ಕಿಯ ಕರಾವಳಿಯ ಇಂಥ ವಿಡಿಯೊಗಳು ನಮ್ಮ ಮೊಬೈಲಿಗೆ ಆಗಾಗ ಬರುತ್ತಿರುತ್ತವೆ. ಯುರೋಪೆಲ್ಲ ಹಿಮದಲ್ಲಿ ನಡುಗುವಾಗ ಅಲ್ಲಿ ಬೆಚ್ಚನೆಯ ಬಿಸಿಲು, ಡಿಸೆಂಬರ್-ಜನವರಿಯಲ್ಲಿ ರೂಮು ಅಗ್ಗ, ಕಾರು ಬಾಡಿಗೆಗೆ ಹಿಡಿದು ಆರಾಮಾಗಿ ಸುತ್ತಬಹುದು ಎಂಬ ಅರ್ಥದ ಸಾಲುಗಳೂ ಜೊತೆಗಿರುತ್ತವೆ. ಇದರಲ್ಲಿ ಎಷ್ಟು ನಿಜ?

ಚಿಕ್ಕದಾಗಿ ಹೇಳುವುದಾದರೆ, ಅರ್ಧ ನಿಜ. ಚಳಿಗಾಲದಲ್ಲಿ ಈ ಕರಾವಳಿ ಯುರೋಪಿನ ಬಹುಭಾಗಕ್ಕಿಂತ ಬೆಚ್ಚಗಿರುತ್ತದೆ ಎಂಬುದು ಸರಿ. ಆದರೆ ಬೆಚ್ಚಗಿದೆ ಎಂದ ಮಾತ್ರಕ್ಕೆ ಒಣಗಿದೆ ಎಂದರ್ಥವಲ್ಲ. ಟರ್ಕಿಯ ದಕ್ಷಿಣ ಮತ್ತು ಪಶ್ಚಿಮ ಕರಾವಳಿಗೆ ಚಳಿಗಾಲವೇ ಮಳೆಗಾಲ. ಇದೊಂದು ತಿಳಿಯದಿದ್ದರೆ ಪ್ರವಾಸ ಕೆಡುವುದಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯವಾಗಬಹುದು.

ನಮ್ಮ ಕರಾವಳಿಗೆ ತದ್ವಿರುದ್ಧ

ಮಂಗಳೂರು, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುತ್ತದೆ, ಜನವರಿಯಲ್ಲಿ ಆಕಾಶ ಶುಭ್ರ. ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿರುವ ಅಂಟಾಲ್ಯಾದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿ.ಮೀ.ಗೂ ಹೆಚ್ಚು. ಅದರ ಬಹುಪಾಲು ನವೆಂಬರ್‌ನಿಂದ ಮಾರ್ಚ್ ಒಳಗೆ ಸುರಿದು ಮುಗಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹನಿ ಬಿದ್ದರೆ ಅದೇ ಹೆಚ್ಚು.

ಏಕೆ ಹೀಗೆ? ಬೇಸಿಗೆಯಲ್ಲಿ ಈ ಭಾಗದ ಮೇಲೆ ಅಧಿಕ ಒತ್ತಡದ ಗಾಳಿಯ ಪಟ್ಟಿ ಬಂದು ಕೂರುತ್ತದೆ. ಅಲ್ಲಿ ಗಾಳಿ ಮೇಲಿನಿಂದ ಕೆಳಗೆ ಇಳಿಯುವುದರಿಂದ ಮೋಡ ಕಟ್ಟುವುದಿಲ್ಲ. ಚಳಿಗಾಲದಲ್ಲಿ ಆ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಆಗ ಪಶ್ಚಿಮದಿಂದ ಬೀಸುವ ಗಾಳಿ ಒಂದರ ಹಿಂದೊಂದು ಮಳೆ ಮಾರುತಗಳನ್ನು ಹೊತ್ತು ತರುತ್ತದೆ.

ಈ ಮಾರುತಗಳಿಗೂ ನಮ್ಮ ದೇಶಕ್ಕೂ ನಂಟಿದೆ. ಚಳಿಗಾಲದಲ್ಲಿ ಕಾಶ್ಮೀರ, ಹಿಮಾಚಲದಲ್ಲಿ ಹಿಮ ಬಿದ್ದಾಗ ಹವಾಮಾನ ಸುದ್ದಿಯಲ್ಲಿ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂದು ಕೇಳಿರುತ್ತೀರಲ್ಲ? ಅವುಗಳಲ್ಲಿ ಹಲವು ಹುಟ್ಟುವುದು ಇದೇ ಮೆಡಿಟರೇನಿಯನ್ ಪ್ರದೇಶದ ಆಸುಪಾಸಿನಲ್ಲಿ. ಪಂಜಾಬಿನ ಗೋಧಿಗೆ ಚಳಿಗಾಲದ ಮಳೆ ತರುವುದೂ ಇವೇ.

ಬೆಟ್ಟದ ಕೈವಾಡ

ನಮಗೆ ಪಶ್ಚಿಮ ಘಟ್ಟ ಇದ್ದಂತೆ ಅಲ್ಲಿ ಟೌರಸ್ ಪರ್ವತ ಸಾಲಿದೆ. ಸಮುದ್ರದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ, ತಣಿದು ಮಳೆಯಾಗುತ್ತದೆ. ಬೆಟ್ಟದ ಆಚೆಗಿನ ಕೊನ್ಯಾ ಬಯಲಿಗೆ ಉಳಿಯುವುದು ವರ್ಷಕ್ಕೆ ಮುನ್ನೂರು ಚಿಲ್ಲರೆ ಮಿ.ಮೀ. ಮಾತ್ರ. ಆಗುಂಬೆಯಲ್ಲಿ ಜಡಿಮಳೆ, ಚಳ್ಳಕೆರೆಯಲ್ಲಿ ಬರ ಎಂಬ ನಮ್ಮ ಕಥೆಯೇ ಅಲ್ಲೂ ನಡೆಯುತ್ತದೆ.

ಈ ಮಳೆಯ ಬಲಕ್ಕೆ ಒಳ್ಳೆಯ ಸಾಕ್ಷಿ ದೆಮ್ರೆ ಎಂಬ ಊರು. ಇದರ ಹಳೆಯ ಹೆಸರು ಮೈರಾ. ಇಂದು ಸಾಂತಾಕ್ಲಾಸ್ ಎಂದು ಜಗತ್ತಿಗೆಲ್ಲ ಪರಿಚಿತನಾದ ಪಾತ್ರಕ್ಕೆ ಮೂಲವಾದ ಸಂತ ನಿಕೋಲಸ್ 4ನೇ ಶತಮಾನದಲ್ಲಿ ಬಿಷಪ್ ಆಗಿದ್ದದ್ದು ಇಲ್ಲೇ. ಉತ್ತರ ಧ್ರುವ, ಹಿಮದ ಗಾಡಿ ಎಲ್ಲ ಆಮೇಲೆ ಸೇರಿಕೊಂಡ ಕಥೆಗಳು! ಅವನ ಹೆಸರಿನ ಚರ್ಚ್ ಇಂದಿನ ನೆಲಮಟ್ಟಕ್ಕಿಂತ ಹಲವು ಮೀಟರ್ ಕೆಳಗಿದೆ. ಬೆಟ್ಟದಿಂದ ಪ್ರವಾಹದಲ್ಲಿ ಹರಿದು ಬಂದ ಹೂಳು ಶತಮಾನಗಳ ಕಾಲ ಅಲ್ಲಿ ಪೇರಿಕೊಂಡಿತು. ಇದೇ ರೀತಿ ಹೂಳು ತುಂಬಿದ್ದರಿಂದ, ಒಂದು ಕಾಲದ ದೊಡ್ಡ ಬಂದರು ಎಫೆಸಸ್ ಇಂದು ಕಡಲಿನಿಂದ ಹಲವು ಕಿ.ಮೀ. ಒಳಗಿದೆ.

ಬೆಚ್ಚನೆಯ ಸಮುದ್ರವೇ ಬಿರುಗಾಳಿಗೆ ಇಂಧನ

ನೀರು ನಿಧಾನವಾಗಿ ಬಿಸಿಯಾಗುತ್ತದೆ, ನಿಧಾನವಾಗಿ ತಣಿಯುತ್ತದೆ. ಹಾಗಾಗಿ ಜನವರಿಯಲ್ಲೂ ಅಂಟಾಲ್ಯಾದ ಸಮುದ್ರದ ನೀರು 17 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಹಗಲಿನ ತಾಪಮಾನ 15 ಡಿಗ್ರಿಯ ಹತ್ತಿರ ಉಳಿಯಲು ಇದೂ ಒಂದು ಕಾರಣ.

ಆದರೆ ಉತ್ತರದಿಂದ ಕೊರೆಯುವ ಗಾಳಿ ಈ ಬೆಚ್ಚನೆಯ ನೀರಿನ ಮೇಲೆ ಬಂದಾಗ, ಕೆಳಗಿನ ಬಿಸಿ ತೇವದ ಗಾಳಿ ರಭಸದಿಂದ ಮೇಲೇರುತ್ತದೆ. ಆಗ ಗುಡುಗು, ಆಲಿಕಲ್ಲು, ಒಮ್ಮೊಮ್ಮೆ ಸುಂಟರಗಾಳಿ. 2019ರ ಜನವರಿಯಲ್ಲಿ ಸುಂಟರಗಾಳಿ ಅಂಟಾಲ್ಯಾ ವಿಮಾನ ನಿಲ್ದಾಣಕ್ಕೇ ನುಗ್ಗಿ ಬಸ್ಸುಗಳನ್ನು ಉರುಳಿಸಿತ್ತು. ಅದೇ ದಿನಗಳಲ್ಲಿ ಹತ್ತಿರದ ಕುಮ್ಲುಜಾದ ಟೊಮೆಟೊ, ಮೆಣಸಿನಕಾಯಿ ಬೆಳೆಯುವ ಹಸಿರುಮನೆಗಳೂ ಹಾಳಾದವು.

ಕೆಳಗೆ ಮಳೆ, ಮೇಲೆ ಹಿಮ

ಡಿ400 ಎಂಬ ಹೆದ್ದಾರಿ ದಾಚಾದಿಂದ ಹೊರಟು ಮರ್ಮರಿಸ್, ಫೆತಿಯೆ, ಕಾಶ್, ಅಂಟಾಲ್ಯಾ, ಅಲಾನ್ಯಾ, ಮೆರ್ಸಿನ್ ಮೂಲಕ ಸಾಗುತ್ತದೆ. ವಿಡಿಯೊಗಳಲ್ಲಿ ಕಾಣುವ ರಸ್ತೆ ಹೆಚ್ಚಾಗಿ ಇದೇ. ಕಡಲ ಮಟ್ಟದಲ್ಲಿ ಇಲ್ಲಿ ಹಿಮ ಬೀಳುವುದು ಅಪರೂಪ. ಮಳೆ ಜೋರಾದಾಗ ಇಲ್ಲಿನ ಚಿಂತೆ ಬೆಟ್ಟದಿಂದ ಉರುಳುವ ಕಲ್ಲು ಮತ್ತು ರಸ್ತೆಗೆ ನುಗ್ಗುವ ನೀರು.

ಆದರೆ ಪ್ರವಾಸಿಗರು ಕರಾವಳಿಯಲ್ಲೇ ಉಳಿಯುವುದಿಲ್ಲ. ಕಪಡೋಕಿಯಾ, ಕೊನ್ಯಾ ಎಂದು ಒಳನಾಡಿಗೆ ತಿರುಗುತ್ತಾರೆ. ಆಗ ಟೌರಸ್ ದಾಟಲೇಬೇಕು. 1,000 ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಕಡಲತೀರದಲ್ಲಿ 10 ಡಿಗ್ರಿ ಇದ್ದರೆ, ಸುಮಾರು 1,800 ಮೀಟರ್ ಎತ್ತರದ ಅಲಾಜಾಬೆಲ್ ಘಾಟಿಯಲ್ಲಿ ಸೊನ್ನೆಗಿಂತ ಕೆಳಗೆ! ಟೀ ಶರ್ಟಿನಲ್ಲಿ ಹೊರಟವರು ಒಂದೆರಡು ಗಂಟೆಯಲ್ಲಿ ಹಿಮದ ನಡುವೆ ಇರಬಹುದು.

ಇಲ್ಲಿ ಹಿಮಕ್ಕಿಂತ ಹೆಚ್ಚು ಮೋಸ ಮಾಡುವುದು ‘ಬ್ಲ್ಯಾಕ್ ಐಸ್’. ಹೆಸರು ಹಾಗಿದ್ದರೂ ಅದು ಕಪ್ಪಲ್ಲ. ಡಾಂಬರಿನ ಮೇಲೆ ಕೂತ ಪಾರದರ್ಶಕ ಮಂಜುಗಡ್ಡೆಯ ಪದರ. ನೋಡಲು ಒದ್ದೆ ರಸ್ತೆಯಂತೆಯೇ ಇರುತ್ತದೆ. ಸೇತುವೆಗಳ ಮೇಲೆ ಇದು ಮೊದಲು ಕಟ್ಟುತ್ತದೆ, ಏಕೆಂದರೆ ಅಲ್ಲಿ ತಣ್ಣನೆ ಗಾಳಿ ಮೇಲಿನಿಂದಲೂ ಕೆಳಗಿನಿಂದಲೂ ತಾಗುತ್ತದೆ. ಬಿಸಿಲು ತಾಗದ ತಿರುವುಗಳಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಎರಡು ತಪ್ಪು ನಂಬಿಕೆಗಳು

‘ಫೋರ್ ವೀಲ್ ಡ್ರೈವ್ ಇದ್ದರೆ ಭಯವಿಲ್ಲ’: ತಪ್ಪು. ನಾಲ್ಕೂ ಚಕ್ರಗಳಿಗೆ ಶಕ್ತಿ ಸಿಗುವುದರಿಂದ ಜಾರುವ ರಸ್ತೆಯಲ್ಲಿ ಗಾಡಿ ಮುಂದೆ ಚಲಿಸಲು ಸಹಾಯವಾಗುತ್ತದೆ, ನಿಜ. ಆದರೆ ಬ್ರೇಕ್ ಹಾಕುವುದು ಎಲ್ಲ ಕಾರುಗಳೂ ನಾಲ್ಕು ಚಕ್ರಕ್ಕೇ. ನಿಲ್ಲಿಸುವುದು ಟೈರಿನ ಹಿಡಿತ, ಎಂಜಿನ್ ಅಲ್ಲ.

‘ಚಳಿಗಾಲದ ಟೈರು ಹಿಮ ಇದ್ದರೆ ಮಾತ್ರ ಬೇಕು’: ಇದೂ ತಪ್ಪು. ಸಾಮಾನ್ಯ ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಬಾಡಿಗೆ ಕಾರು ಪಡೆಯುವಾಗ ಯಾವ ಟೈರು ಇದೆ, ಚೈನು ಇದೆಯೇ ಎಂದು ಕೇಳಿ ತಿಳಿಯಿರಿ.

ಕಣ್ಣಿಗೆ ಕಾಣದ ಅಪಾಯ

ಟರ್ಕಿಯಲ್ಲಿ ದಕ್ಷಿಣದ ದಿಕ್ಕಿನಿಂದ ಬೀಸುವ ಬಿಸುಪಿನ ಗಾಳಿಗೆ ಲೊದೊಸ್ ಎನ್ನುತ್ತಾರೆ. ಇದು ಜೋರಾದಾಗ ಅಲ್ಲಿನ ಹವಾಮಾನ ಇಲಾಖೆ ವಿಚಿತ್ರವೆನಿಸುವ ಒಂದು ಎಚ್ಚರಿಕೆ ಕೊಡುತ್ತದೆ: ಒಲೆಯ ಹೊಗೆಯ ಬಗ್ಗೆ ಜಾಗ್ರತೆ! ಅಲ್ಲಿ ಅನೇಕ ಮನೆಗಳಲ್ಲಿ ಚಳಿ ಕಾಯಲು ಕಲ್ಲಿದ್ದಲು ಅಥವಾ ಸೌದೆ ಒಲೆ ಇರುತ್ತದೆ. ಗಾಳಿ ಜೋರಾದರೆ ಚಿಮಣಿಯಿಂದ ಹೊರಹೋಗಬೇಕಾದ ಹೊಗೆ ಕೋಣೆಗೇ ವಾಪಸ್ಸು ನುಗ್ಗುತ್ತದೆ.

ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗ ಪ್ರಯಾಣದ ಸುಸ್ತು ಎಂದುಕೊಂಡು ಮಲಗಿದವರು ಏಳದೇ ಇರಬಹುದು. ಒಂದೇ ಕೋಣೆಯಲ್ಲಿರುವ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ ಕೂಡಲೇ ಹೊರಗೆ ಬನ್ನಿ. ಅಲ್ಲಿನ ತುರ್ತು ಸಂಖ್ಯೆ 112. ನಮ್ಮಲ್ಲೂ ಅದೇ, ನೆನಪಿಡುವುದು ಸುಲಭ.

ಹಿಮದಲ್ಲಿ ಸಿಕ್ಕಿಬಿದ್ದ ಕಾರಿಗೂ ಇದು ಅನ್ವಯಿಸುತ್ತದೆ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿಹೋಗಿದ್ದರೆ, ಹೀಟರ್‌ಗಾಗಿ ಎಂಜಿನ್ ಓಡಿಸಿದಾಗ ವಿಷಗಾಳಿ ಒಳಗೆ ಬರುತ್ತದೆ. ಮೊದಲು ಹಿಮ ಸರಿಸಿ. ಊಟಿ, ಕೊಡಗಿನ ಚಳಿಯಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವವರಿಗೂ ಇದೇ ಎಚ್ಚರಿಕೆ.

ಹಾಗಾದರೆ ಹೋಗಬಾರದೇ?

ಖಂಡಿತ ಹೋಗಬಹುದು. ಜನಜಂಗುಳಿ ಇರುವುದಿಲ್ಲ, ಸುಡುವ ಬಿಸಿಲಿಲ್ಲದೆ ಹಳೆಯ ಅವಶೇಷಗಳ ನಡುವೆ ಓಡಾಡಬಹುದು, ಮಳೆಗಳ ನಡುವೆ ಸ್ವಚ್ಛ ಬಿಸಿಲಿನ ದಿನಗಳೂ ಬರುತ್ತವೆ. ಆದರೆ ಇಷ್ಟು ನೆನಪಿರಲಿ:

• ಡಿಸೆಂಬರ್ ಕೊನೆಯಲ್ಲಿ ಅಂಟಾಲ್ಯಾದಲ್ಲಿ ಹಗಲು ಹತ್ತು ಗಂಟೆಗೂ ಕಡಿಮೆ. ಸೂರ್ಯ ಹುಟ್ಟುವುದೇ ಬೆಳಿಗ್ಗೆ 8ರ ನಂತರ. ಘಾಟಿ ದಾರಿಯನ್ನು ಮಧ್ಯಾಹ್ನದೊಳಗೆ ದಾಟುವಂತೆ ಯೋಜಿಸಿ.

• ಹೊರಡುವ ಊರಿನದ್ದಷ್ಟೇ ಅಲ್ಲ, ದಾರಿಯಲ್ಲಿನ ಅತಿ ಎತ್ತರದ ಜಾಗದ ಹವಾಮಾನವನ್ನೂ ನೋಡಿ.

• ಎಲ್ಲ ಕರಾವಳಿಯೂ ಒಂದೇ ಅಲ್ಲ. ಉತ್ತರದ ಕಪ್ಪು ಸಮುದ್ರದ ದಂಡೆಯಲ್ಲಿರುವ, ಚಹಾ ತೋಟಗಳ ರಿಜೆಯಲ್ಲಿ ವರ್ಷವಿಡೀ ಮಳೆ, 2,000 ಮಿ.ಮೀ.ಗೂ ಹೆಚ್ಚು.

• ನೀರು ಹರಿಯುತ್ತಿರುವ ರಸ್ತೆಗೆ ಕಾರು ಇಳಿಸಬೇಡಿ. ಮೊಣಕಾಲು ಮಟ್ಟದ ರಭಸದ ನೀರೂ ಕಾರನ್ನು ತೇಲಿಸಬಲ್ಲದು.

ಮುಂದಿನ ಸಲ ಅಂಥ ವಿಡಿಯೊ ಬಂದಾಗ, ಅದು ಯಾವ ತಿಂಗಳಲ್ಲಿ ತೆಗೆದದ್ದು ಎಂದು ಒಮ್ಮೆ ಕೇಳಿ. ಜುಲೈನ ಸಮುದ್ರವನ್ನು ತೋರಿಸಿ ಜನವರಿಗೆ ಕರೆಯುತ್ತಿದ್ದರೆ, ಫಾರ್ವರ್ಡ್ ಮಾಡುವಾಗ ಈ ಲೇಖನವನ್ನೂ ಜೊತೆಗೆ ಕಳಿಸಿ. ಟಿಕೆಟ್ ತೆಗೆಸಿದವರು ನಿಮ್ಮ ಗುಂಪಿನಲ್ಲೇ ಇರಬಹುದು.