ಪೊಟ್ಟಣಕ್ಕೆ ಜಾತಿ ವಾಸನೆ ಇಲ್ಲ



ಹೋದ ವರ್ಷ ನಾನು ಪಾಠ ಹೇಳುವ ಹೈಸ್ಕೂಲಿಗೆ ಪೇಟೆಯಿಂದ ಒಬ್ಬರು ಬಂದಿದ್ದರು. ಹದಿಹರೆಯದವರ ಆರೋಗ್ಯದ ಬಗ್ಗೆ ಭಾಷಣ. ಗೋಡೆಗೆ ಬಣ್ಣದ ಪಟ ನೇತುಹಾಕಿ ಸೇಬು, ಬಾದಾಮಿ, ತುಪ್ಪ, ಪನೀರು ಅಂತ ಕೋಲಿನಿಂದ ತೋರಿಸಿದರು. 'ಒಳ್ಳೆಯದನ್ನು ಆರಿಸಿಕೊಂಡು ತಿನ್ನಿ, ಕುರುಕಲು ಬಿಡಿ, ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲೇ ಇದೆ' ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ವಾರ ಪ್ರಾರ್ಥನೆಯ ಸಾಲಿನಲ್ಲಿ ನಮ್ಮ ಕೇರಿಯ ಹುಡುಗಿಯೊಬ್ಬಳು, ಒಂಬತ್ತನೇ ಕ್ಲಾಸಿನವಳು, ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಏಳು. ಹನ್ನೆರಡು ಇರಬೇಕಾದ ಕಡೆ ಏಳು.

'ಬೆಳಿಗ್ಗೆ ಏನು ತಿಂದಿದ್ದೆ ಕಣವ್ವ?' ಅಂದೆ.

'ಏನೂ ಇಲ್ಲ ಸಾ. ಅವ್ವ ಏಳಕ್ಕೇ ಕೂಲಿಗೋಯ್ತಳೆ. ಅಂಗಡೀಲಿ ಐದ್ರುಪಾಯಿ ಪ್ಯಾಕೆಟ್ ತಗಂಡಿದ್ದೆ.'

'ಇಸ್ಕೂಲಲ್ಲಿ ಮೊಟ್ಟೆ ಕೊಡ್ತಾರಲ್ಲ, ತಿನ್ನಲ್ವ?'

ತಲೆ ತಗ್ಗಿಸಿದಳು. 'ನಾನು ಮೊಟ್ಟೆ ತಗಂಡ್ರೆ ಪಕ್ಕದೋರು ಎದ್ದೋಯ್ತರೆ ಸಾ. ಅದ್ಕೆ ಬಾಳೆಹಣ್ಣು ಅಂತ ಬರ್ಸಿವ್ನಿ.'

ಈಗ ಹೇಳಿ. ಇವಳ ಆರೋಗ್ಯ ಇವಳ ಕೈಯಲ್ಲಿದೆಯೇ? ಇವಳ ತಟ್ಟೆಗೆ ಏನು ಬೀಳಬೇಕು ಅನ್ನೋದನ್ನ ಇವಳು ಹುಟ್ಟುವ ಮೊದಲೇ ಯಾರೋ ತೀರ್ಮಾನ ಮಾಡಿ ಕೂತಿದ್ದಾರೆ. ಭೂಮಿ ಇಟ್ಟುಕೊಂಡವನು, ಕೂಲಿ ಕೊಡುವವನು, ಕಾಯಿದೆ ಬರೆದವನು, ಮಠದ ಗದ್ದುಗೆಯಲ್ಲಿ ಕೂತವನು, ಪೊಟ್ಟಣ ಮಾರುವವನು. ಇವರೆಲ್ಲ ಸೇರಿ ಆರಿಸಿಟ್ಟ ಮೇಲೆ ಉಳಿದ ಚೂರುಪಾರನ್ನು ಅವಳ ಮುಂದೆ ತಳ್ಳಿ 'ಆರಿಸಿಕೋ' ಅನ್ನುವುದು ಯಾವ ಸೀಮೆಯ ಆರೋಗ್ಯ ಪಾಠ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ಲೆಕ್ಕ ಹಾಕಿದಾಗ, ಈ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ, 2015-16ರಲ್ಲಿ, ಅದು 54 ಇತ್ತು. ಅಂದರೆ ಕಡಿಮೆಯಾಗಲಿಲ್ಲ, ಏರಿತು. ಇಷ್ಟೂ ಹುಡುಗಿಯರಿಗೆ ತಿನ್ನುವ ಬುದ್ಧಿ ಇಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ?

ನಮ್ಮ ಅವ್ವಂದಿರು ಓದಿದವರಲ್ಲ. ಆದರೆ ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಹೊಲದ ಬದುವಿನ ಬೆರಕೆ ಸೊಪ್ಪು, ಗದ್ದೆಯ ಏಡಿ, ಕೆರೆಯ ಮೀನು, ಸಿಕ್ಕಿದಾಗ ಬಾಡು, ಇಷ್ಟರಲ್ಲಿ ಮಕ್ಕಳ ಮೂಳೆ ಗಟ್ಟಿ ಮಾಡಿದವರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮುಟ್ಟುವುದೂ ಕಷ್ಟ. ಹಾಗಂತ ಆ ಕಾಲ ಚೆನ್ನಾಗಿತ್ತು ಅಂತ ನಾನು ಹಾಡಿ ಹೊಗಳುತ್ತಿಲ್ಲ. ಆಗಲೂ ಹಸಿವಿತ್ತು, ಧಣಿಗಳ ಮನೆಯ ಹಿತ್ತಲಲ್ಲಿ ತಂಗಳಿಗೆ ಕೈಯೊಡ್ಡಿ ನಿಲ್ಲುವುದಿತ್ತು. ಈಗ ರಾಗಿಯ ಹೊಲಕ್ಕೆ ನೀಲಗಿರಿ ಬಂತು, ನೀಲಗಿರಿ ಹೋಗಿ ಲೇಔಟು ಬಂತು. ಬದುವಿಗೆ ಕಳೆನಾಶಕ ಹೊಡೆದ ಮೇಲೆ ಬೆರಕೆ ಸೊಪ್ಪೂ ಸತ್ತಿತು. 2013ರ ಅನ್ನಭಾಗ್ಯದಿಂದ ಅಕ್ಕಿ ಬಂತು, ಹೊಟ್ಟೆ ತುಂಬಿತು, ಅದನ್ನು ಅಲ್ಲಗಳೆಯಬಾರದು. ಆದರೆ ಹೊಟ್ಟೆ ತುಂಬುವುದೇ ಬೇರೆ, ಬೆಳೆಯುವ ಮೈಗೆ ಬೇಕಾದ್ದು ಸಿಕ್ಕುವುದೇ ಬೇರೆ.

ಇನ್ನು ಬಾಡಿನ ಮಾತು. ಮಾಂಸದ ಕಬ್ಬಿಣದಂಶ ಸೊಪ್ಪಿನದಕ್ಕಿಂತ ಸಲೀಸಾಗಿ ಮೈಗೆ ಹತ್ತುತ್ತದೆ. ಬಿ-12 ಅನ್ನುವ ಜೀವಸತ್ವ ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ. ಕುರಿಯ ಮಾಂಸದ ಬೆಲೆ ಕೂಲಿಯವನು ಕೇಳುವ ಹಾಗಿಲ್ಲ. ಬಡವನಿಗೆ ಎಟುಕುತ್ತಿದ್ದುದು ದನದ ಮಾಂಸ. 1964ರ ಕಾಯಿದೆಯಲ್ಲಿ 12 ವರ್ಷ ದಾಟಿದ ಎತ್ತು ಕೋಣಗಳಿಗೆ ಅವಕಾಶವಾದರೂ ಇತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಮುದಿ ಎತ್ತನ್ನೂ ಮುಟ್ಟಬೇಡ ಅಂತು. ಮುಟ್ಟಿದರೆ 3ರಿಂದ 7 ವರ್ಷ ಜೈಲು. ಬಾಯಿಗೆ ಬೀಗ ಹಾಕಿದ ಅದೇ ಸರ್ಕಾರ ಆಸ್ಪತ್ರೆಯ ಗೋಡೆಯ ಮೇಲೆ 'ಪೌಷ್ಟಿಕ ಆಹಾರ ಸೇವಿಸಿ' ಅಂತ ಬರೆಸಿತು.

ಸರಿ, ದನ ಬೇಡ ಸ್ವಾಮಿ, ಒಂದು ಕೋಳಿಮೊಟ್ಟೆ? ಅದಕ್ಕೂ ಅಡ್ಡ ಬಂದರು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಕಡೆ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಬೀದಿಗಿಳಿಯುತ್ತೇವೆ ಅಂದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತೇವೆ ಅಂದರೂ ಅವರಿಗೆ ಸಮಾಧಾನವಿಲ್ಲ. ತಮ್ಮ ಮಕ್ಕಳು ತಿನ್ನದಿದ್ದರೆ ಸಾಲದು, ಪಕ್ಕದ ಎಲೆಯಲ್ಲೂ ಕಾಣಬಾರದು! ಆಗ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಹುಡುಗಿ, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಅಂತ ಸವಾಲು ಹಾಕಿದ್ದನ್ನು ನಾಡೆಲ್ಲ ಕೇಳಿತು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿಯನ್ನೂ ಕೊಡದ ಗದಗವನ್ನೂ ತೂಗಿ ನೋಡಿದಾಗ ಯಾದಗಿರಿಯ ಮಕ್ಕಳ ತೂಕವೇ ಹೆಚ್ಚು ಏರಿತ್ತು. ಹುಡುಗಿ ಹೇಳಿದ್ದೇ ಸರಿ ಅಂತ ತಕ್ಕಡಿಯೂ ಹೇಳಿತು. ಆಮೇಲೆ ಮೊಟ್ಟೆ ಎಲ್ಲ ಜಿಲ್ಲೆಗಳಿಗೆ ಬಂತು, 2023ರಲ್ಲಿ ಹತ್ತನೇ ತರಗತಿಯವರೆಗೆ ಬಂತು, 2024ರಿಂದ ವಾರಕ್ಕೆ ಆರು ದಿನ ಆಯಿತು. ಮಕ್ಕಳೂ ಸಂಘಟನೆಗಳೂ ಗಟ್ಟಿಯಾಗಿ ಕೇಳದಿದ್ದರೆ ಇದು ಬರುತ್ತಿರಲಿಲ್ಲ.

ಹಾಗಾದರೆ ನಮ್ಮ ಕೇರಿಯ ಹುಡುಗಿ ಯಾಕೆ ತಿನ್ನಲಿಲ್ಲ? ಮೊಟ್ಟೆ ತಟ್ಟೆಯ ಹತ್ತಿರ ಬಂದರೂ ಬಾಯಿಗೆ ಯಾಕೆ ಹೋಗಲಿಲ್ಲ? ಇಲ್ಲೇ ಇದೆ ಅಸಲಿ ಹುನ್ನಾರ. ಕಾಯಿದೆಯನ್ನು ರದ್ದು ಮಾಡಿಸಬಹುದು, ಮಠವನ್ನು ಎದುರಿಸಬಹುದು. ಆದರೆ ಮಗುವಿನ ಒಳಗೇ ಒಬ್ಬ ಕಾವಲುಗಾರನನ್ನು ಕೂರಿಸಿದ್ದಾರಲ್ಲ, ಅವನ ಹೆಸರು ನಾಚಿಕೆ.

ನಾನೂ ಅವನ ಕೈಗೆ ಸಿಕ್ಕವನೇ. ಹಾಸ್ಟೆಲಿನಲ್ಲಿದ್ದಾಗ ನಮ್ಮವ್ವ ಹಬ್ಬ ಮುಗಿದ ಮೇಲೆ ಒಣಗಿಸಿದ ಬಾಡನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಹನ್ನೆರಡು ಮೈಲಿ ನಡೆದು ತಂದುಕೊಟ್ಟಳು. 'ತಿನ್ನು ಮಗಾ, ಸೊರಗಿದ್ದೀಯ' ಅಂದಳು. ಅವಳು ಬೆನ್ನು ತಿರುಗಿಸಿದ್ದೇ ತಡ, ಕ್ಲಾಸಿನ ಹುಡುಗರು ವಾಸನೆ ಹಿಡಿದಾರು ಅಂತ ಆ ಗಂಟನ್ನು ಕಾಂಪೌಂಡಿನ ಆಚೆ ಎಸೆದೆ. ನಾಯಿಗಳು ತಿಂದವು. ನಾನು ನೀರುಸಾರು ಕಲಸಿಕೊಂಡು ಉಂಡೆ. ಇವತ್ತಿಗೂ ಆ ಗಂಟು ನನ್ನ ಕಣ್ಣಿಗೆ ಕಟ್ಟಿದೆ.

ಈಗಿನ ಮಕ್ಕಳಿಗೆ ಇನ್ನೊಂದು ದಾರಿ ಸಿಕ್ಕಿದೆ. ಅಂಗಡಿಯಲ್ಲಿ ತೋರಣದ ಹಾಗೆ ತೂಗುವ ಐದು ರೂಪಾಯಿ ಪೊಟ್ಟಣ. ಉಪ್ಪು, ಎಣ್ಣೆ, ಹಿಟ್ಟು, ಬಣ್ಣ. ಸಿನಿಮಾದವರೂ ಕ್ರಿಕೆಟ್ಟಿನವರೂ ತಿಂದು ತೋರಿಸುವ ಪೊಟ್ಟಣ. ರುಚಿಗೆ ಬೀಳುತ್ತಾರೆ ಅಂತ ಪಂಡಿತರು ಅನ್ನುತ್ತಾರೆ. ರುಚಿಯೂ ಇದೆ, ಅವ್ವನಿಗೆ ಒಲೆ ಹಚ್ಚಲು ಪುರುಸೊತ್ತಿಲ್ಲದ್ದೂ ಇದೆ. ಆದರೆ ಇನ್ನೊಂದು ಕಾರಣವನ್ನು ಅವರು ಬರೆಯುವುದಿಲ್ಲ. ಆ ಪೊಟ್ಟಣಕ್ಕೆ ಜಾತಿ ವಾಸನೆ ಇಲ್ಲ. ಅದನ್ನು ಹರಿದು ತಿಂದರೆ ಯಾರೂ ಪಕ್ಕದಿಂದ ಎದ್ದುಹೋಗುವುದಿಲ್ಲ. ಗೌಡರ ಮಗಳೂ ಕೈಹಾಕಿ ತಿನ್ನುತ್ತಾಳೆ! ಮುದ್ದೆಯ ಡಬ್ಬಿ ಕೊಡದ ಗೌರವವನ್ನು ಐದು ರೂಪಾಯಿಗೆ ಮಾರುತ್ತಿದ್ದಾರೆ. ಜಾತಿವ್ಯವಸ್ಥೆ ನಮ್ಮ ಊಟವನ್ನು ಹೀನ ಅಂದಿತು. ಬಂಡವಾಳಶಾಹಿ ಆ ಹೀನಾಯವನ್ನೇ ಲಾಭ ಮಾಡಿಕೊಂಡಿತು. ಇಬ್ಬರ ನಡುವೆ ನಮ್ಮ ಮಕ್ಕಳ ರಕ್ತ ಏಳಕ್ಕೆ ಇಳಿಯಿತು.

ನಮ್ಮವರನ್ನೂ ಬಿಡಬಾರದು. ವೇದಿಕೆಯ ಮೇಲೆ ಸಮಾನತೆ ಮಾತಾಡಿ ಮನೆಗೆ ಹೋದರೆ, ಬಾಡಿನ ತುಂಡು ಮೊದಲು ಗಂಡಸರ ತಟ್ಟೆಗೆ, ಆಮೇಲೆ ಗಂಡುಮಕ್ಕಳಿಗೆ, ತಳದ ಸಾರು ಹೆಣ್ಣುಮಗಳಿಗೆ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವಳು ಅವಳು, ಕಡೆಗೆ ಉಣ್ಣುವವಳೂ ಅವಳೇ. ನೌಕರಿ ಸಿಕ್ಕಿ ಪೇಟೆ ಸೇರಿದ ನಮ್ಮ ಅಣ್ಣಂದಿರು ಮನೆ ಬಾಡಿಗೆಗೆ 'ನಾವು ವೆಜ್ಜು' ಅಂತ ಸುಳ್ಳು ಹೇಳಿ, ಆ ಸುಳ್ಳನ್ನೇ ಮಕ್ಕಳಿಗೂ ಕಲಿಸುತ್ತಾರೆ. ಇದು ಯಾವ ವಿಮೋಚನೆ?

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ನಾಡೇ ಹೊತ್ತಿ ಉರಿಯಿತು. ಮಂತ್ರಿಗಿರಿ ಬಿಡಿಸುವ ತನಕ ನಿದ್ದೆ ಮಾಡಲಿಲ್ಲ. ಇವತ್ತು ಮಕ್ಕಳ ತಟ್ಟೆಗೇ ಬೂಸಾ ಬೀಳುತ್ತಿದೆ. ಆವತ್ತು ಕೆರಳಿದವರ ಮೊಮ್ಮಕ್ಕಳು ಎಲ್ಲಿದ್ದಾರೆ?

ಅವರನ್ನು ಕಾಯುತ್ತ ಕೂರುವುದು ಬೇಡ. ಹಳ್ಳಿಯ ಮೇಷ್ಟ್ರುಗಳೇ, ಬಿಸಿಯೂಟದ ಸಾಲಿನಲ್ಲಿ ನೀವೂ ಕೂತು ಮೊಟ್ಟೆ ಸುಲಿದು ತಿನ್ನಿ. ಅಡುಗೆಯವ್ವ ಯಾವ ಜಾತಿಯವಳು ಅಂತ ಕೇಳುವವರ ಎದುರಿಗೇ ತಿನ್ನಿ. ಹಾಸ್ಟೆಲಿನ ಹುಡುಗ ಹುಡುಗಿಯರೇ, ಇಲಾಖೆಯ ಊಟದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ದಿನಾ ತಟ್ಟೆಯ ಪಕ್ಕ ಇಟ್ಟು ತಾಳೆ ನೋಡಿ, ಕಮ್ಮಿಯಾದದ್ದನ್ನು ಬರೆದಿಟ್ಟು ಒಟ್ಟಾಗಿ ಕೇಳಿ. ಕಾರ್ಯಕರ್ತರೇ, ಹತ್ತನೇ ತರಗತಿಗೇ ಊಟ ನಿಲ್ಲುವುದು ಯಾಕೆ, ಹದಿನಾರು ಹದಿನೇಳಕ್ಕೆ ಹೊಟ್ಟೆ ಇರುವುದಿಲ್ಲವೇ ಅಂತ ತಾಲ್ಲೂಕು ಕಚೇರಿಯ ಮುಂದೆ ಕೂತು ಕೇಳೋಣ. ರೇಷನ್ನಿನಲ್ಲಿ ಅಕ್ಕಿಯ ಜೊತೆ ರಾಗಿ, ಜೋಳ, ಬೇಳೆ ತಪ್ಪದೆ ಬರಲಿ ಅಂತ ಕೇಳೋಣ. ಕೇರಿಯ ಅಪ್ಪಂದಿರೇ, ಇವತ್ತು ರಾತ್ರಿಯೇ ಮೊದಲ ತುಂಡು ಮಗಳ ತಟ್ಟೆಗೆ ಹಾಕಿ. ಇದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.

ಆ ಹುಡುಗಿಯ ಹೆಸರಿನ ಮುಂದೆ ಬಾಳೆಹಣ್ಣು ಹೊಡೆದು ಮೊಟ್ಟೆ ಅಂತ ನಾನು ಬರೆದೆ. ಮಾರನೇ ದಿನ ಅವಳ ಪಕ್ಕದಲ್ಲಿ ನಾನು ಕೂತೆ. ಒಬ್ಬಳು ಎದ್ದುಹೋದಳು, ಇಬ್ಬರು ಕೂತೇ ಇದ್ದರು. ಎದ್ದುಹೋದವಳ ಮನೆಗೂ ನಾನು ಹೋಗಬೇಕಾಗಿದೆ.