ಅಂಕಪಟ್ಟಿಯ ಹಿಂದಿರುವ ಲೆಡ್ಜರು

ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಯ ಕೈಗೆ ಕೊಡುವ ವಸ್ತುಗಳು ಅತ್ಯಲ್ಪ. ವರ್ಷವರ್ಷವೂ ಬಂದ ಅಂಕಪಟ್ಟಿಗಳು, ಕಾಲೇಜನ್ನು ಬಿಡುವಾಗ ಪಡೆದ ವರ್ಗಾವಣೆ ಪತ್ರ, ಘಟಿಕೋತ್ಸವದ ದಿನ ದೊರೆತ ಪದವಿಪತ್ರ, ಇಷ್ಟೇ. ಮೂರು ನಾಲ್ಕು ವರ್ಷಗಳ ಅಧ್ಯಯನ, ಅದಕ್ಕಾಗಿ ತಂದೆತಾಯಿಗಳು ಒಡವೆ ಅಡವಿಟ್ಟು ಹೊಂದಿಸಿದ ಹಣ, ಉಪಾಧ್ಯಾಯರ ಪರಿಶ್ರಮ, ಇವೆಲ್ಲವೂ ಲೋಕದ ದೃಷ್ಟಿಗೆ ಆ ಕೆಲವು ಹಾಳೆಗಳಲ್ಲಿಯೇ ಅಡಕವಾಗಿವೆ. ಆ ಹಾಳೆಗಳಾದರೂ ಮೂಲವಲ್ಲ. ಪರೀಕ್ಷಾ ವಿಭಾಗದ ಲೆಡ್ಜರಿನಲ್ಲಿ ನೋಂದಣಿ ಸಂಖ್ಯೆಯ ಎದುರಿಗೆ ವಿಷಯವಾರು ಬರೆದಿರುವ ಅಂಕಗಳೇ ಮೂಲ. ನಾವು ಪೆಟ್ಟಿಗೆಯಲ್ಲಿ ಜೋಪಾನಮಾಡುವುದು ಅದರ ಪ್ರತಿಯನ್ನು. ಪ್ರತಿಯನ್ನು ಯಾರಾದರೂ ಶಂಕಿಸಿದಾಗ, ಅದು ಮಳೆಯಲ್ಲಿ ನೆನೆದೋ ಪ್ರಯಾಣದಲ್ಲಿ ಕಳೆದೋ ಹೋದಾಗ, ಸರ್ಕಾರಿ ನೇಮಕಾತಿಯ ತರುವಾಯ ಇಲಾಖೆಯು ಅದರ ನೈಜತೆಯನ್ನು ಕೇಳಿ ಪತ್ರ ಬರೆದಾಗ, ಎಲ್ಲರೂ ಕಡೆಗೆ ಮೊರೆಹೋಗಬೇಕಾದದ್ದು ಆ ಲೆಡ್ಜರನ್ನೇ.

ಈ ಲೇಖನದಲ್ಲಿ ನಾನು ಪ್ರತಿಪಾದಿಸಬಯಸುವುದು ಒಂದೇ ಸಂಗತಿ: ಲೆಡ್ಜರಿನಲ್ಲಿರುವ ಆ ಬರಹ ವಿದ್ಯಾರ್ಥಿಯ ಸ್ವತ್ತು, ವಿಶ್ವವಿದ್ಯಾನಿಲಯ ಅದರ ನ್ಯಾಸಪಾಲಕ. ನ್ಯಾಸವನ್ನು ಕಾಪಾಡುವವನು ಅದನ್ನು ಹಾಳಾಗಗೊಡಕೂಡದು, ಒಡೆಯನು ಕೇಳಿದಾಗ ಕೊಡಲು ತಡಮಾಡಕೂಡದು, ತಾನು ಇಲ್ಲವಾಗುವ ಕಾಲ ಬಂದರೆ ಅದನ್ನು ಮತ್ತೊಬ್ಬ ಯೋಗ್ಯನ ವಶಕ್ಕೆ ಒಪ್ಪಿಸದೆ ಹೋಗಕೂಡದು. ನಮ್ಮ ನಾಡಿನ ಉನ್ನತ ಶಿಕ್ಷಣ ಸಂಸ್ಥೆಗಳು ಈ ಮೂರು ಕರ್ತವ್ಯಗಳನ್ನೂ ಕಚೇರಿಯ ಕಿರುಕೆಲಸಗಳೆಂದು ಬಗೆದು ಬಹುಕಾಲ ಕಡೆಗಣಿಸಿವೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ವಿಶೇಷವಾದ ತೊಡಕೊಂದಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವ ಮುನ್ನ ಮೈಸೂರು ಬೆಂಗಳೂರುಗಳ ಕಾಲೇಜುಗಳು ಮದ್ರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು; 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿಗೆ ಸೇರಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ, 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲಬರ್ಗಾ, 1987ರಲ್ಲಿ ಕುವೆಂಪು, ಹೀಗೆ ಒಂದರ ಒಡಲಿನಿಂದ ಮತ್ತೊಂದು ಹುಟ್ಟುತ್ತ ಬಂತು. ತರುವಾಯ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ವೈದ್ಯಕೀಯ ಕಾಲೇಜುಗಳನ್ನೂ, 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಎಂಜಿನಿಯರಿಂಗ್ ಕಾಲೇಜುಗಳನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡವು. ಶಿಕ್ಷಣದ ವಿಸ್ತಾರಕ್ಕೆ ಇದು ಅವಶ್ಯಕವಾಗಿತ್ತು. ಅದರ ಬಗೆಗೆ ಆಕ್ಷೇಪವಿಲ್ಲ. ಆದರೆ ಕಾಲೇಜುಗಳು ಹೊಸ ಮನೆಗೆ ಹೋದಾಗ ಹಳೆಯ ವಿದ್ಯಾರ್ಥಿಗಳ ಲೆಡ್ಜರುಗಳು ಹಳೆಯ ಮನೆಯಲ್ಲಿಯೇ ಉಳಿದವು. 1978ರಲ್ಲಿ ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿದವರ ದಾಖಲೆಯನ್ನು ಹುಡುಕತಕ್ಕದ್ದು ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯಲ್ಲಲ್ಲ, ಮೈಸೂರಿನಲ್ಲಿ. ಅದೇ ವರ್ಷ ಕಲಬುರಗಿಯಲ್ಲಿ ಓದಿದವರದನ್ನು ಧಾರವಾಡದಲ್ಲಿ. ದಾವಣಗೆರೆಯ ಒಂದೇ ಕಾಲೇಜಿನಲ್ಲಿ ತಂದೆ, ಮಗಳು, ಮೊಮ್ಮಗ ಓದಿದ್ದರೆ ಆ ಮೂವರ ಅಂಕಗಳು ಮೈಸೂರಿನ ಮಾನಸಗಂಗೋತ್ರಿ, ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟ ಮತ್ತು ದಾವಣಗೆರೆ ವಿಶ್ವವಿದ್ಯಾನಿಲಯದ ತೋಳಹುಣಸೆಗಳಲ್ಲಿ ಹಂಚಿಹೋಗಿರುವುದು ಸಂಭವನೀಯ. ಓದಿದವರಿಗೆ ತಾವು ಓದಿದ ಕಾಲೇಜು ಗೊತ್ತು. ತಮ್ಮ ಪರೀಕ್ಷೆಯ ಲೆಡ್ಜರು ಯಾವ ಊರಿನ ಯಾವ ಕಟ್ಟಡದಲ್ಲಿದೆಯೆಂಬುದು ಗೊತ್ತಿಲ್ಲ. ಕಾಲೇಜಿನ ಗುಮಾಸ್ತರು ವಿಶ್ವವಿದ್ಯಾನಿಲಯದತ್ತ ಕೈತೋರುತ್ತಾರೆ, ಅಲ್ಲಿಯವರು ಮತ್ತೊಂದು ವಿಶ್ವವಿದ್ಯಾನಿಲಯದತ್ತ. ಅಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ. ಯಾವ ಕಾಲೇಜಿನ ಯಾವ ವರ್ಷಗಳ ದಾಖಲೆಗಳು ಎಲ್ಲಿವೆಯೆಂದು ತಿಳಿಸುವ ಒಂದು ಸಾಮಾನ್ಯ ಸೂಚಿಯನ್ನು ಉನ್ನತ ಶಿಕ್ಷಣ ಇಲಾಖೆಯು ಸಿದ್ಧಪಡಿಸಿ ಪ್ರಕಟಿಸಿದರೆ ಈ ಅಲೆದಾಟದ ಅರ್ಧಭಾಗ ನಿಂತುಹೋದೀತು.

ಈ ಪ್ರಶ್ನೆ ಇಂದು ಇನ್ನಷ್ಟು ತೀವ್ರವಾಗಿದೆ. ಹಾವೇರಿ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಮೊದಲಾದ ಜಿಲ್ಲೆಗಳಲ್ಲಿ ಈಚೆಗೆ ಸ್ಥಾಪಿಸಿದ ಹೊಸ ವಿಶ್ವವಿದ್ಯಾನಿಲಯಗಳ ಪೈಕಿ ಹಲವನ್ನು ಮುಚ್ಚುವ ಅಥವಾ ಹಳೆಯವುಗಳಲ್ಲಿ ವಿಲೀನಗೊಳಿಸುವ ವಿಚಾರವು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯಲ್ಲಿ ಚರ್ಚಿತವಾಯಿತು. ಆಗ ನಡೆದ ವಾದವಿವಾದಗಳಲ್ಲಿ ಕಟ್ಟಡ, ಅನುದಾನ, ಪ್ರಾದೇಶಿಕ ಅಭಿಮಾನ ಇವುಗಳ ಮಾತು ಯಥೇಷ್ಟವಾಗಿ ಬಂತು. ಆ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿರುವವರ ಅಂಕಗಳನ್ನು ಇನ್ನು ಮೂವತ್ತು ವರ್ಷಗಳ ನಂತರ ಯಾರು ದೃಢೀಕರಿಸುವರೆಂಬ ಪ್ರಶ್ನೆಗೂ ಅದೇ ತೂಕ ಸಲ್ಲಬೇಕು. ವಿಶ್ವವಿದ್ಯಾನಿಲಯವನ್ನು ಸ್ಥಾಪಿಸುವ, ಒಡೆಯುವ, ಮುಚ್ಚುವ ಪ್ರತಿಯೊಂದು ಶಾಸನದಲ್ಲಿಯೂ ಅದರ ವಿದ್ಯಾರ್ಥಿಗಳ ದಾಖಲೆಗಳು ಯಾರ ವಶಕ್ಕೆ, ಯಾವ ದಿನಾಂಕದೊಳಗೆ, ಯಾವ ಪಟ್ಟಿಯ ಸಹಿತ ಸೇರತಕ್ಕವು ಎಂಬ ಪ್ರಕರಣವೊಂದು ಸ್ಪಷ್ಟವಾಗಿ ಇರಲೇಬೇಕು.

ನಮ್ಮ ನಾಡು ಬರೆದಿಡುವ ವಿದ್ಯೆಯಲ್ಲಿ ಹಿಂದುಳಿದದ್ದಲ್ಲ. ಇಂಡಿ ಪ್ರದೇಶದ ಸಾಲೋಟಗಿಯ ಶಾಸನವು ಹತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಅಲ್ಲಿಯ ವಿದ್ಯಾಶಾಲೆಗೆ ಕೊಟ್ಟ ಭೂಮಿಯನ್ನೂ ವಿದ್ಯಾರ್ಥಿಗಳ ನಿವಾಸಕ್ಕೆ ಮಾಡಿದ ವ್ಯವಸ್ಥೆಯನ್ನೂ ಕಲ್ಲಿನ ಮೇಲೆ ಇಂದಿಗೂ ಉಳಿಸಿಕೊಂಡಿದೆ. ದಾನಿಯ ಹೆಸರು ಶಾಶ್ವತವಾಯಿತು. ಅಲ್ಲಿ ಕಲಿತವರು ಯಾರು ಯಾರೆಂಬುದು ಯಾರಿಗೂ ತಿಳಿಯದು. ಕಲಿತ ಪ್ರತಿಯೊಬ್ಬನ ಹೆಸರನ್ನೂ, ಬಡವನದಾಗಲಿ ಧನಿಕನದಾಗಲಿ, ಸಮಾನವಾಗಿ ಬರೆದಿಡುವ ಸಂಕಲ್ಪವನ್ನು ಕೈಗೊಂಡದ್ದು ಆಧುನಿಕ ವಿಶ್ವವಿದ್ಯಾನಿಲಯ. ಆ ಸಂಕಲ್ಪದ ಮಹತ್ತ್ವವನ್ನು ಅರಿತವರಿಗೆ, ಗೆದ್ದಲು ಹತ್ತಿದ ಒಂದು ಲೆಡ್ಜರು ಬೇಸರವನ್ನಲ್ಲ, ವ್ಯಥೆಯನ್ನೇ ಉಂಟುಮಾಡಬೇಕು.

ಹಳೆಯ ಕೈಬರಹದ ಲೆಡ್ಜರುಗಳಿಗೆ ಗೆದ್ದಲು, ತೇವ ಮತ್ತು ಜಾಗದ ಅಭಾವ ಶತ್ರುಗಳು. ಆದರೂ ಒಳ್ಳೆಯ ಕಾಗದದ ಮೇಲೆ ಒಳ್ಳೆಯ ಶಾಯಿಯಿಂದ ಬರೆದ ಅಂಕಗಳು ಐವತ್ತು ಅರುವತ್ತು ವರ್ಷಗಳ ಮೇಲೂ ಓದಲು ಬರುತ್ತವೆ. ನನಗೆ ಹೆಚ್ಚಿನ ಆತಂಕವಿರುವುದು ನಡುವಣ ಕಾಲದ ದಾಖಲೆಗಳ ವಿಷಯದಲ್ಲಿ. ಲೆಡ್ಜರನ್ನು ಕೈಯಿಂದ ಬರೆಯುವುದು ನಿಂತು, ಇಂದಿನ ಏಕೀಕೃತ ವ್ಯವಸ್ಥೆ ಇನ್ನೂ ಬಾರದಿದ್ದ ಆ ಎರಡು ಮೂರು ದಶಕಗಳಲ್ಲಿ ಅಂಕಗಳು ಗಣಕಯಂತ್ರದ ಉದ್ದುದ್ದ ಮುದ್ರಿತ ಹಾಳೆಗಳಲ್ಲಿ, ಫ್ಲಾಪಿ ಮತ್ತು ಸಿ.ಡಿ.ಗಳಲ್ಲಿ, ಫಲಿತಾಂಶ ಸಿದ್ಧಪಡಿಸಲು ಗುತ್ತಿಗೆ ಹಿಡಿದ ಖಾಸಗಿಯವರ ತಂತ್ರಾಂಶಗಳಲ್ಲಿ ಚದುರಿದವು. ಮುದ್ರಣದ ಮಸಿ ಮಾಸುತ್ತದೆ. ಫ್ಲಾಪಿಯನ್ನು ಓದುವ ಯಂತ್ರ ಇಂದು ಕಚೇರಿಯಲ್ಲಿ ಸಿಕ್ಕುವುದಿಲ್ಲ. ಗುತ್ತಿಗೆಯ ಅವಧಿ ತೀರಿದ ಮೇಲೆ ದತ್ತಾಂಶವನ್ನು ಯಾವ ರೂಪದಲ್ಲಿ ಹಿಂದಿರುಗಿಸಬೇಕೆಂಬುದನ್ನು ಕರಾರುಪತ್ರವು ಮೊದಲೇ ಹೇಳದಿದ್ದರೆ ವಿಶ್ವವಿದ್ಯಾನಿಲಯವು ತನ್ನದೇ ದಾಖಲೆಗಾಗಿ ಪರರನ್ನು ಬೇಡುವ ಸ್ಥಿತಿ ಒದಗುತ್ತದೆ. ಆದಕಾರಣ ಪ್ರತಿ ವಿಶ್ವವಿದ್ಯಾನಿಲಯವೂ ತನ್ನ ಎಲ್ಲ ವರ್ಷಗಳ ಫಲಿತಾಂಶಗಳ ಪೈಕಿ ಯಾವುದು ಕೈಲಿದೆ, ಯಾವುದು ಅಪೂರ್ಣ, ಯಾವುದು ಇಲ್ಲ ಎಂಬುದರ ಪ್ರಾಮಾಣಿಕ ಲೆಕ್ಕವನ್ನು ಮೊದಲು ಮಾಡಲಿ. ಸಾರ್ವಜನಿಕ ಸಂಸ್ಥೆಗಳು ದಾಖಲೆಗಳನ್ನು ವರ್ಗೀಕರಿಸಿ, ಸೂಚಿಯೊಡನೆ ಇಡಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮವು ಈಗಾಗಲೇ ವಿಧಿಸಿದೆ. ಈ ಲೆಕ್ಕಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಕಳೆದ ಹತ್ತು ವರ್ಷಗಳಲ್ಲಿ ಒಳ್ಳೆಯ ಕಾರ್ಯಗಳು ನಡೆದಿವೆಯೆಂಬುದನ್ನು ಸಂತೋಷದಿಂದ ಒಪ್ಪಬೇಕು. 2015ರಲ್ಲಿ, ದಾಖಲೆಗಳನ್ನು ಗಣಕರೂಪದಲ್ಲಿ ಇರಿಸಿಕೊಳ್ಳುವ ಡಿಜಿಲಾಕರ್ ಬಂತು. 2016ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಕೇಂದ್ರ ಸಚಿವ ಸಂಪುಟದ ಸಮ್ಮತಿ ದೊರೆತು, ಪದವಿಪತ್ರ ಅಂಕಪಟ್ಟಿಗಳನ್ನು ಸಂಸ್ಥೆಗಳೇ ಅಲ್ಲಿ ಇರಿಸುವ ಪದ್ಧತಿ ಆರಂಭವಾಯಿತು. 2021ರಲ್ಲಿ ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್‌ಗಳನ್ನು ಸಂಚಯಿಸುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಸ್ಥಾಪಿತವಾಯಿತು. ನಮ್ಮ ರಾಜ್ಯದಲ್ಲಿ ಪ್ರವೇಶದಿಂದ ಫಲಿತಾಂಶದವರೆಗಿನ ವ್ಯವಹಾರವನ್ನು ಯುಯುಸಿಎಂಎಸ್ ಎಂಬ ಏಕೀಕೃತ ವ್ಯವಸ್ಥೆಗೆ ತರಲಾಗಿದೆ. ಡಿಜಿಲಾಕರಿನಲ್ಲಿ ಸಂಸ್ಥೆಯೇ ನೀಡಿದ ದಾಖಲೆಯು ಮೂಲಪ್ರತಿಗೆ ಸಮಾನವೆಂದು ನಿಯಮವಿದೆ. ರಾಯಚೂರಿನ ಹುಡುಗಿಯೊಬ್ಬಳು ನಕಲಿಗೆ ದೃಢೀಕರಣ ಪಡೆಯಲು ಗೆಜೆಟೆಡ್ ಅಧಿಕಾರಿಯ ಬಾಗಿಲನ್ನು ಕಾಯದೆ ತನ್ನ ಪದವಿಪತ್ರವನ್ನು ಹೈದರಾಬಾದಿನ ಉದ್ಯೋಗದಾತನಿಗೆ ತೋರಿಸಬಲ್ಲಳೆಂದರೆ ಅದು ಸಣ್ಣ ಸ್ವಾತಂತ್ರ್ಯವಲ್ಲ. ಆದರೆ ಈ ವ್ಯವಸ್ಥೆಗಳ ಮುಖ ಭವಿಷ್ಯದ ಕಡೆಗಿದೆ. 1992ರಲ್ಲಿ ಪದವಿ ಪಡೆದವರಿಗೆ ಭಂಡಾರದ ಬಾಗಿಲು ತೆರೆಯಬೇಕಾದರೆ ಅವರ ಲೆಡ್ಜರನ್ನು ಯಾರಾದರೂ ಕುಳಿತು, ಓದಿ, ತಾಳೆನೋಡಿ, ಗಣಕಕ್ಕೆ ಏರಿಸಬೇಕು. ಅದು ಶ್ರಮಸಾಧ್ಯವಾದ ಕಾರ್ಯ, ಉದ್ಘಾಟನೆಗೆ ಒದಗುವಂಥದಲ್ಲ. ಬಹುಶಃ ಆ ಕಾರಣದಿಂದಲೇ ಅದು ಹಿಂದೆ ಬಿದ್ದಿದೆ.

ಹೊಸ ವ್ಯವಸ್ಥೆಯಲ್ಲಿ ಅತ್ಯಂತ ಹೆಚ್ಚು ಕಷ್ಟವನ್ನು ತರುವುದು ಹೆಸರು. ಹಳೆಯ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಇನಿಷಿಯಲ್ಲುಗಳಾಗಿ ನಿಲ್ಲುತ್ತವೆ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಕರಾವಳಿಯಲ್ಲಿ ಕುಲನಾಮವು ಕೊನೆಗೆ ಬರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ವಿಶ್ವವಿದ್ಯಾನಿಲಯದಲ್ಲಿಯೂ ಬರೆಯುವುದು ರೂಢಿ. ಆಧಾರ್ ಮಾಡಿಸುವಾಗ ಇನಿಷಿಯಲ್ಲನ್ನು ಬಿಡಿಸಿ ಬರೆದಿದ್ದರೆ, ಬಸವರಾಜ ಎಂಬುದರ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಒಂದೆಡೆ ಇದ್ದು ಮತ್ತೊಂದೆಡೆ ಇಲ್ಲದಿದ್ದರೆ, ಗಣಕವು ಇವರಿಬ್ಬರೂ ಬೇರೆ ಬೇರೆಯೆಂದು ತೀರ್ಮಾನಿಸುತ್ತದೆ. ಅಪಾರ್ ಎಂಬ ವಿದ್ಯಾರ್ಥಿಯ ಗುರುತಿನ ಸಂಖ್ಯೆ ಸಿದ್ಧವಾಗುವುದಿಲ್ಲ, ಅಥವಾ ಅಂಕಗಳು ಅವನ ಖಾತೆಗೆ ಸೇರುವುದಿಲ್ಲ. ವಿವಾಹಾನಂತರ ಹೆಸರು ಬದಲಾದ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಈ ತಿದ್ದುಪಡಿಗೆ ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ಶುಲ್ಕ, ಓಡಾಟ ಎಲ್ಲವೂ ವಿದ್ಯಾರ್ಥಿಯ ತಲೆಯ ಮೇಲೆಯೇ ಬೀಳುತ್ತವೆ. ಮೂಲದಾಖಲೆಯಲ್ಲಿ ಹೆಸರನ್ನು ಕನ್ನಡದಲ್ಲಿಯೂ ಬರೆದಿಡುವುದನ್ನು ಕಡ್ಡಾಯಗೊಳಿಸಿ, ಇಂಗ್ಲಿಷಿನ ಕಾಗುಣಿತಭೇದಗಳನ್ನು ಕಾಲೇಜಿನ ಪ್ರಾಂಶುಪಾಲರ ದೃಢೀಕರಣದ ಮೇಲೆಯೇ ಮಾನ್ಯಮಾಡುವ ಅಧಿಕಾರವನ್ನು ಕೊಟ್ಟರೆ ಬಹುಪಾಲು ತಕರಾರುಗಳು ಜಿಲ್ಲೆಯನ್ನು ದಾಟುವ ಮುನ್ನವೇ ಬಗೆಹರಿಯುತ್ತವೆ. ಪ್ರಾಂಶುಪಾಲರು ಹುಡುಗನ ಮುಖವನ್ನು ಬಲ್ಲರು; ಗಣಕವು ಅಕ್ಷರವನ್ನಷ್ಟೇ ಬಲ್ಲದು.

ಮೂಲಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವ ಕಾಲೇಜುಗಳ ವಿಷಯವನ್ನು ಇಲ್ಲಿ ಹೇಳಲೇಬೇಕು. ಪ್ರವೇಶದ ಸಮಯದಲ್ಲಿ ಪಡೆದ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಹಿಂದಿರುಗಿಸದೆ, ಬಿಟ್ಟುಹೋಗಬಯಸುವವನು ಉಳಿದ ವರ್ಷಗಳ ಶುಲ್ಕವನ್ನೂ ಕಟ್ಟಬೇಕೆಂದು ಪಟ್ಟುಹಿಡಿಯುವ ಸಂಸ್ಥೆಗಳು ಕೆಲವಿವೆ. ಮೂಲಪತ್ರಗಳನ್ನು ಪರಿಶೀಲಿಸಿ ಆಗಲೇ ಹಿಂದಿರುಗಿಸತಕ್ಕದ್ದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಸ್ಪಷ್ಟವಾಗಿ ಆದೇಶಿಸಿದೆ. ಈ ಆದೇಶವನ್ನು ಎಲ್ಲ ಕಾಲೇಜುಗಳ ಪ್ರವೇಶ ಕೌಂಟರಿನ ಮೇಲೆ ಕನ್ನಡದಲ್ಲಿ ತೂಗುಹಾಕಿದರೆ ಎಷ್ಟೋ ಬಡ ಪೋಷಕರಿಗೆ ಧೈರ್ಯ ಬರುತ್ತದೆ. ಹಾಗೆಯೇ, ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವನಿಗೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿದೆ. ಉತ್ತರಪತ್ರಿಕೆಯೇ ಅವನಿಗೆ ಕಾಣಬೇಕಾದ ವಸ್ತುವಾದರೆ, ಲೆಡ್ಜರಿನಲ್ಲಿರುವ ಅವನ ಪಂಕ್ತಿಯು ಅವನಿಗೆ ನಿಷಿದ್ಧವಾಗುವುದು ಹೇಗೆ?

ನಕಲಿ ಅಂಕಪಟ್ಟಿಗಳ ಹಾವಳಿಯನ್ನು ಮುಂದೊಡ್ಡಿ ನೈಜತೆಯ ಪರಿಶೀಲನೆಯನ್ನು ದುರ್ಗಮವಾಗಿಸುವವರು ಒಂದನ್ನು ಗಮನಿಸಬೇಕು. ನಕಲಿಯವನು ಪರಿಶೀಲನೆಗೆ ಅರ್ಜಿ ಹಾಕುವುದಿಲ್ಲ; ತಿಂಗಳುಗಟ್ಟಲೆ ಕಾಯುವವನು ನಿಜವಾಗಿ ಓದಿದವನು. ಮೂಲದಾಖಲೆ ಎಷ್ಟು ಸುಲಭವಾಗಿ, ಎಷ್ಟು ಶೀಘ್ರವಾಗಿ ತಾಳೆಗೆ ಸಿಕ್ಕುವುದೋ ಅಷ್ಟರಮಟ್ಟಿಗೆ ನಕಲಿಯ ವ್ಯಾಪಾರ ಕುಗ್ಗುತ್ತದೆ. ಅಂಕವನ್ನು ತಿದ್ದಿದವರು ಯಾರು, ಯಾವ ದಿನ, ಯಾರ ಅಪ್ಪಣೆಯ ಮೇರೆಗೆ ಎಂಬ ವಿವರ ಅಳಿಸಲಾಗದಂತೆ ಉಳಿಯುವ ಏರ್ಪಾಟೂ ಅಗತ್ಯ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಅಧಿನಿಯಮವಿದೆ. ವಿದ್ಯಾರ್ಥಿಯ ಅನುಮತಿಯಿಲ್ಲದೆ ಅವನ ಅಂಕಗಳು ಉದ್ಯೋಗ ಏಜೆನ್ಸಿಗಳ ಕೈಸೇರದಂತೆ ಅದನ್ನು ಅನ್ವಯಿಸಿದರೆ ಸಾಕು.

ಇದೆಲ್ಲವನ್ನೂ ಮಾಡತಕ್ಕವರು ಮನುಷ್ಯರು. ಪರೀಕ್ಷಾ ವಿಭಾಗಗಳಲ್ಲಿ ಖಾಯಂ ಹುದ್ದೆಗಳು ತೆರವಾಗಿ, ಹೊರಗುತ್ತಿಗೆಯ ಸಿಬ್ಬಂದಿಯಿಂದ ಕೆಲಸ ಸಾಗುತ್ತಿರುವ ಸ್ಥಳಗಳು ಅನೇಕ. ಯಾವ ಕೋಣೆಯ ಯಾವ ಕಪಾಟಿನಲ್ಲಿ ಯಾವ ವರ್ಷದ ಲೆಡ್ಜರಿದೆಯೆಂದು ಬಲ್ಲ ಹಿರಿಯ ಗುಮಾಸ್ತರು ನಿವೃತ್ತರಾದ ದಿನ ಆ ವರ್ಷವೂ ಅವರೊಡನೆ ನಿವೃತ್ತವಾದಂತೆಯೇ. ಇಂಥವರು ಇನ್ನೂ ಸೇವೆಯಲ್ಲಿರುವಾಗಲೇ ಅವರ ಜೊತೆಗೆ ಇಬ್ಬರು ಕಿರಿಯರನ್ನು ಕೂರಿಸಿ ಸೂಚಿಯನ್ನು ಬರೆಯಿಸಬೇಕು. ದಾಖಲೆಶಾಸ್ತ್ರದಲ್ಲಿ ತರಬೇತಿ ಪಡೆದ ಒಬ್ಬ ಅಧಿಕಾರಿಯನ್ನು ಕುಲಸಚಿವರ ಕೈಕೆಳಗೆ ನೇಮಿಸಬೇಕು. ಪರೀಕ್ಷಾ ಶುಲ್ಕದಿಂದ ಬರುವ ವರಮಾನದಲ್ಲಿ ಒಂದು ನಿಶ್ಚಿತ ಭಾಗವನ್ನು, ಬೇರೆ ಯಾವ ಬಾಬಿಗೂ ತಿರುಗಿಸದಂತೆ, ದಾಖಲೆಗಳ ಸಂರಕ್ಷಣೆಗೆಂದೇ ಮುಂಗಡಪತ್ರದಲ್ಲಿ ಕಾದಿರಿಸಬೇಕು. ಆ ಶುಲ್ಕವನ್ನು ತೆತ್ತವರು ವಿದ್ಯಾರ್ಥಿಗಳು. ಸಿಂಡಿಕೇಟಿನ ಸದಸ್ಯರು ಮುಂದಿನ ಆಯವ್ಯಯದ ಸಭೆಯಲ್ಲಿ ಈ ಬಾಬನ್ನು ತಾವಾಗಿಯೇ ಕೇಳಿ, ಹಳೆಯ ಲೆಡ್ಜರುಗಳಿರುವ ಕೋಣೆಗಳನ್ನು ಒಮ್ಮೆ ತೆರೆಯಿಸಿ ಪ್ರತ್ಯಕ್ಷ ನೋಡಿದ ಮೇಲೆಯೇ ಮಂಜೂರಾತಿಗೆ ಸಹಿಹಾಕಲಿ.