ಹೇಳುವ ಹಕ್ಕು, ಹೇಳುವ ರೀತಿ

ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ ಸೀಮೆಯಲ್ಲಿ ಕ್ರೈಸ್ತ ಪ್ರಚಾರದ ಮಾತೆತ್ತಿದರೆ, ಮತ ಬಿಡುವುದು ಈ ನೆಲಕ್ಕೇ ಒಗ್ಗದ ಸಂಗತಿ ಎನ್ನುವವರಿದ್ದಾರೆ. ಆದರೆ ಇಲ್ಲೇ ಹುಟ್ಟಿದ ಬಸವಣ್ಣನವರು ಹುಟ್ಟಿನಿಂದ ಬಂದ ಆಚಾರವನ್ನು ಕಳಚಿ ಹೊರಟವರು. ಕಲ್ಯಾಣದ ಶರಣರು ಮಾತಿನಿಂದಲೇ ಮನಸ್ಸು ಗೆದ್ದರು, ಜಾತಿ ನೋಡದೆ ಇಷ್ಟಲಿಂಗ ಕೊಟ್ಟರು, ಅದಕ್ಕೆ ಬೆಲೆಯನ್ನೂ ತೆತ್ತರು. ಹಾಗಾಗಿ ನಂಬಿದ್ದನ್ನು ನೆರೆಯವರಿಗೆ ಹೇಳಬಹುದೇ ಎಂಬುದು ನಮ್ಮಲ್ಲಿ ಎಂದೋ ಇತ್ಯರ್ಥವಾದ ಪ್ರಶ್ನೆ. ಹೇಗೆ ಹೇಳಬೇಕು ಎಂಬುದಷ್ಟೇ ಉಳಿದಿದೆ. ಇದಕ್ಕೆ ಕ್ರೈಸ್ತರ ಗ್ರಂಥವೇ ಹಾಕಿಕೊಟ್ಟಿರುವ ಕಟ್ಟಳೆ ಯಾವ ಸರ್ಕಾರಿ ಕಾಯ್ದೆಗಿಂತಲೂ ಬಿಗಿ ಎಂಬುದು ನನ್ನ ವಾದ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಎನ್ನುತ್ತದೆ ಪೇತ್ರನ ಮೊದಲ ಪತ್ರ.

ಈ ಕಟ್ಟಳೆ ಪಾಲಿಸಿದಾಗ ಏನಾಯಿತು, ಮುರಿದಾಗ ಏನಾಯಿತು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಗಳಿವೆ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಮತಾಂತರಕ್ಕೆಂದೇ ಬಂದವರು. ಅದನ್ನು ಮುಚ್ಚಿಡುವುದು ಬೇಡ. ವಿಗ್ರಹಾರಾಧನೆಯನ್ನು ಹಳಿದ ಅವರ ಕರಪತ್ರಗಳನ್ನು ಇಂದು ಯಾರೂ ಓದುವುದಿಲ್ಲ. ಆದರೆ ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ತಂದ ‘ಮಂಗಳೂರ ಸಮಾಚಾರ’ ಪತ್ರಿಕೆ, ಆತ ಅಚ್ಚು ಹಾಕಿಸಿದ ದಾಸರ ಪದಗಳು, 1894ರ ಕಿಟೆಲ್ ನಿಘಂಟು ಉಳಿದವು. ಎದುರಿನವರ ಮಾತನ್ನು ಕಿವಿಗೊಟ್ಟು ಕೇಳಿದ ಕೆಲಸ ಬಾಳಿತು, ಜರೆದದ್ದು ಕರಗಿತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ, ಹಿಂದೂ ದೇವತೆಗಳನ್ನು ಹೀನಾಯವಾಗಿ ಬರೆದ ‘ಸತ್ಯದರ್ಶಿನಿ’ ಎಂಬ ಪುಸ್ತಕವನ್ನು ನೆಪವಾಗಿ ಮುಂದಿಡಲಾಯಿತು. ಪುಸ್ತಕ ಎಷ್ಟೇ ಕೆಟ್ಟದ್ದಿರಲಿ, ಗಾಜು ಒಡೆಯಲು, ಕನ್ಯಾಸ್ತ್ರೀಯರ ಆರಾಧನಾ ಮಠಕ್ಕೆ ನುಗ್ಗಲು ಅದು ಪರವಾನಗಿಯಲ್ಲ. ಆದರೂ ಅಂಥ ಬರಹ ಪೇತ್ರನ ಮಾತಿಗೇ ವಿರುದ್ಧ ಎಂದು ಮೊದಲು ಹೇಳಬೇಕಾದವರು ಕ್ರೈಸ್ತರೇ.

ಬಡವರ ಹಸಿವು, ಕಾಯಿಲೆಗಳನ್ನೇ ಗಾಳ ಮಾಡಿಕೊಳ್ಳುತ್ತಾರಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಮತ್ತು ವಿಶ್ವ ಇವ್ಯಾಂಜಲಿಕಲ್ ಒಕ್ಕೂಟ ಸೇರಿ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಆಮಿಷವನ್ನೂ ಬಡತನದ ದುರ್ಬಳಕೆಯನ್ನೂ ತಿರಸ್ಕರಿಸಿದೆ. ಅದನ್ನು ಹಳ್ಳಿಯ ಪಾಸ್ಟರ್‌ಗಳವರೆಗೆ ಮುಟ್ಟಿಸುವ ಹೊಣೆ ಸಭೆಗಳದು. ಇದಕ್ಕೆ 2022ರ ರಾಜ್ಯದ ಕಾಯ್ದೆ ಮದ್ದಾಗಲಾರದು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು, ಸಹೋದ್ಯೋಗಿಯೂ ದೂರು ಕೊಡಬಹುದು, ತಪ್ಪು ಮಾಡಿಲ್ಲವೆಂದು ಆರೋಪಿಯೇ ತೋರಿಸಬೇಕು ಎನ್ನುವ ಕಾಯ್ದೆಯದು. ಅದನ್ನು ರದ್ದು ಮಾಡಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತ್ತು. ಸಂವಿಧಾನದ 25ನೇ ವಿಧಿ ಪ್ರಚಾರದ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನಿಜ. ಆದರೆ ಕೇಳಿಸಿಕೊಂಡು ತಾನಾಗಿ ತೀರ್ಮಾನಿಸುವ ಹೆಣ್ಣುಮಗಳು ಅಥವಾ ಕೂಲಿಕಾರ ಕಚೇರಿಯ ಮುಂದೆ ಏಕೆ ನಿಲ್ಲಬೇಕು? ಬಡವರಿಗೆ ಸ್ವಂತ ಬುದ್ಧಿಯೇ ಇಲ್ಲ ಎಂಬ ಉಳ್ಳವರ ಎಣಿಕೆ ಇಲ್ಲಿ ಅಡಗಿದೆ.

ಸತ್ಯ ಹೇಳುವವನಿಗೆ ಸೌಮ್ಯತೆ ಏಕೆ, ಯೇಸುವೂ ಖಾರವಾಗಿ ಮಾತಾಡಿದನಲ್ಲ ಎಂದು ಕೆಲವು ಉತ್ಸಾಹಿ ಬೋಧಕರು ಕೇಳಬಹುದು. ಆ ಖಾರ ಬಹುಪಾಲು ಬಿದ್ದದ್ದು ಸ್ವಧರ್ಮದ ಮುಖಂಡರ ಮೇಲೆ. ಬಾವಿಯ ಬಳಿ ಸಿಕ್ಕ ಸಮಾರ್ಯದ ಹೆಂಗಸಿನ ಹತ್ತಿರ ಆತ ಮೊದಲು ಬೇಡಿದ್ದು ಕುಡಿಯಲು ನೀರು. ಅಪೊಸ್ತಲ ಪೌಲನಂತೂ ಅಥೆನ್ಸಿನ ವಿಗ್ರಹಗಳನ್ನು ಕಂಡು ಒಳಗೇ ಕುದಿದರೂ, ಮಾತು ಶುರು ಮಾಡಿದ್ದು ಆ ಊರಿನವರದೇ ಒಂದು ಬಲಿಪೀಠದಿಂದ. ವಿರೋಧ ಬಂದಾಗ ಆತ ನಡೆದುಕೊಂಡ ಬಗೆಯೂ ಗಮನಿಸತಕ್ಕದ್ದು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದರೆ, ತಾನು ರೋಮಿನ ಪ್ರಜೆ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ. ಇಂದು ಪ್ರಾರ್ಥನೆಗೆ ಅಡ್ಡಿ ಎದುರಿಸಿದವರು ಠಾಣೆಗೆ ಹೋಗಿ ಎಫ್‌ಐಆರ್ ಕೇಳುವುದಕ್ಕೂ ಅಳುಕುತ್ತಾರೆ, ಸಹಿಸುವುದೇ ಭಕ್ತಿ ಎಂದುಕೊಳ್ಳುತ್ತಾರೆ. ಪೌಲನಿಗೆ ಹಾಗನ್ನಿಸಿರಲಿಲ್ಲ.